ಲೇಪವಿಲ್ಲದ ಮೂರು ತುಂಡು

ಈ ಕಥೆ ಹೇಳುವಷ್ಟು ತಿಳಿವಳಿಕೆ ನನಗಿದೆಯೋ ಇಲ್ಲವೋ... ಮಾಸ್ಕ್ ಬಟ್ಟೆಯ ಲೇಪದ ವಿಷಯವನ್ನು ನಾನು ಅವರಿವರಿಂದ ಕೇಳಿ ತಿಳಿದದ್ದು. ಇನ್ನೊಬ್ಬರ ಮನಸ್ಸಿನ ವಿಷಯವಂತೂ ಕೇಳಿದರೂ ಪೂರ್ತಿ ತಿಳಿಯುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವಳು ಊಟ ಅರ್ಧಕ್ಕೆ ಬಿಟ್ಟು ಮಾಸ್ಕ್ ಕಾರ್ಖಾನೆಯ ಪರೀಕ್ಷಾ ಕೋಣೆಗೆ ಮರಳಿದಾಗ, ಅವಳ ಮೇಜಿನ ಬಳಿ ಅವನು ನಿಂತಿದ್ದ. ಕೈಯಲ್ಲಿ ಕತ್ತರಿ.

"ಇಲ್ಲೇನು ಕೆಲಸ ನಿಮಗೆ?"

"ತುಂಡು ಕೊಡೋಕೆ ಬಂದೆ."

"ಬೆಳಿಗ್ಗೆನೇ ಆರೂ ತುಂಡು ಕೊಟ್ಟಿದ್ರಲ್ಲ."

ಅವನು ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, ಏನೂ ಆಗದವನಂತೆ ಹೊರಟುಹೋದ. ಕಿವಿಗಳು ಮಾತ್ರ ಕೆಂಪಾಗಿದ್ದವು.

ಬಟ್ಟೆಗೆ ಲೇಪ ಹಚ್ಚುವ ಯಂತ್ರ ಅವನ ಸುಪರ್ದಿಯಲ್ಲಿತ್ತು. ಎಲ್ಲವನ್ನೂ ಎರಡೆರಡು ಸಲ ಅಳೆಯುತ್ತಾನೆಂದು ಕಾರ್ಖಾನೆಯವರು ಅವನನ್ನು ಅಳತೆರಾಯ ಎನ್ನುತ್ತಿದ್ದರು. ಆ ಲೇಪ ನಿಜಕ್ಕೂ ರೋಗಾಣು ಕೊಲ್ಲುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಗಾಜಿನ ತಟ್ಟೆಯಲ್ಲಿ ರೋಗಾಣು ಹಚ್ಚಿ, ಮೇಲೆ ಬಟ್ಟೆಯ ತುಂಡು ಇಡಬೇಕು. ಮರುದಿನ ತುಂಡಿನ ಸುತ್ತ ಜಾಗ ಖಾಲಿಯಾಗಿದ್ದರೆ ಪಾಸು. ಅಂಚಿನವರೆಗೂ ರೋಗಾಣು ಹಬ್ಬಿದ್ದರೆ ಫೇಲು. ಒಂದು ತುಂಡು ಕೆಟ್ಟರೂ ಅಷ್ಟೂ ಬಟ್ಟೆ ವಾಪಸು.

ಅವಳು ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲೇ ಎರಡು ಸಲ ಫೇಲ್ ಬರೆದಿದ್ದಳು. ಎರಡೂ ಸಲ ಮರುಪರೀಕ್ಷೆಯಲ್ಲಿ ಅದೇ ಬಟ್ಟೆ ಪಾಸಾಗಿತ್ತು. ಇನ್ನೊಮ್ಮೆ ಹೀಗಾದರೆ ಬಟ್ಟೆಯನ್ನಲ್ಲ, ಪರೀಕ್ಷೆ ಮಾಡುವ ಕೈಯನ್ನೇ ಬದಲಾಯಿಸಬೇಕಾಗುತ್ತದೆ ಎಂದು ಯಜಮಾನರು ನಗುತ್ತಲೇ ಹೇಳಿದ್ದರು.

ಪ್ಯಾಕಿಂಗ್ ವಿಭಾಗದ ಅಕ್ಕ ಅದಕ್ಕೆ ಉಪ್ಪುಖಾರ ಹಚ್ಚಿದಳು. "ಆ ಅಳತೆರಾಯನ ಚಿಕ್ಕಪ್ಪನ ಮಗಳು ನಿನ್ನಷ್ಟೇ ಓದಿ ಮನೇಲಿ ಕೂತಿದ್ದಾಳಂತೆ ಕಣೆ. ಅವನ ಕಣ್ಣು ನಿನ್ನ ಕುರ್ಚಿ ಮೇಲೆ. ಪೆದ್ದಿ, ನೀನು ನಿನ್ನ ಮೇಲೆ ಅಂದ್ಕೊಂಡಿದ್ದೀಯ."

ಅವಳು ಹಾಗೆಯೇ ಅಂದುಕೊಂಡಿದ್ದಳು... ನೋವೂ ಅದೇ. ಬಾಗಿಲಲ್ಲಿ ಎದುರಾದರೆ ಒಂದು ಹೆಜ್ಜೆ ಸರಿದು ದಾರಿ ಬಿಡುತ್ತಿದ್ದನಲ್ಲ, ಅದೆಲ್ಲ ನಾಟಕವೇ?

ಅವನು ಕತ್ತರಿ ಹಿಡಿದು ನಿಂತಿದ್ದ ಆ ದಿನ, ಬೆಳಿಗ್ಗೆ ಬಂದ ಆರು ತುಂಡುಗಳ ಹಿಂದೆಯೂ ಅವಳು ಗುಟ್ಟಾಗಿ ಶಾಯಿಯ ಚುಕ್ಕೆ ಇಟ್ಟಿದ್ದಳು. ಮರುದಿನ ತಟ್ಟೆಗಳನ್ನು ತೆರೆದಳು. ಐದು ಪಾಸು. ಆರನೆಯದರ ಅಂಚಿನವರೆಗೂ ರೋಗಾಣು. ಚಿಮಟದಿಂದ ತಿರುಗಿಸಿ ನೋಡಿದಳು. ಚುಕ್ಕೆ ಇರಲಿಲ್ಲ; ಅದು ಬೆಳಿಗ್ಗೆ ಬಂದ ತುಂಡಲ್ಲ.

ಪಾಸ್ ಎಂದು ಬರೆದರೆ ಕೆಲಸ ಉಳಿಯುತ್ತಿತ್ತು. ಅವಳು ತಟ್ಟೆಯಲ್ಲಿ ಕಂಡಂತೆ ಫೇಲ್ ಎಂದೇ ಬರೆದು, ವರದಿ ಹಿಡಿದು ಯಜಮಾನರ ಕೋಣೆಗೆ ಹೋದಳು.

ಅವರು ಈ ಸಲ ನಗಲಿಲ್ಲ. ಸೋಮವಾರದಿಂದ ಬರುವುದು ಬೇಡ ಎಂದರು. ಚುಕ್ಕೆಯ ವಿಷಯ ಅವಳ ತುಟಿಯವರೆಗೆ ಬಂದಿತ್ತು. ಆದರೆ ಹೇಳಿದರೆ ಅವನ ಹೆಸರೂ ಬರುತ್ತದೆಂದು ನುಂಗಿಕೊಂಡಳು...

"ಸರ್, ಆ ತುಂಡು ನಂದು."

ಬಾಗಿಲಲ್ಲಿ ಅವನು ನಿಂತಿದ್ದ.

"ಅದಕ್ಕೆ ಲೇಪ ಹಚ್ಚಿಲ್ಲ. ಮೂರು ಸಲವೂ ಒಳ್ಳೇ ತುಂಡು ತೆಗೆದು ಅಂಥದ್ದು ಇಟ್ಟಿದ್ದು ನಾನೇ. ಮುಂಚೆ ಪರೀಕ್ಷೆ ಮಾಡ್ತಿದ್ದವರು ತಟ್ಟೆ ನೋಡದೇ ಸಹಿ ಹಾಕ್ತಿದ್ರು. ನನ್ನ ತಂಗಿ ನರ್ಸು, ನಮ್ಮ ಮಾಸ್ಕೇ ಹಾಕೋದು. ಇವರೂ ಹಾಗೇನೋ ಅಂತ ಅನುಮಾನ ಇತ್ತು."

ಯಜಮಾನರು ಬಹಳ ಹೊತ್ತು ಬೈದರು. ಕೊನೆಗೆ ಅವಳ ಕೆಲಸ ಉಳಿಯಿತು. ಅವನನ್ನು ಯಂತ್ರದಿಂದ ತೆಗೆದು ಗೋದಾಮಿಗೆ ಹಾಕಿದರು.

ಸಂಜೆ ಗೇಟಿನ ಬಳಿ ಅವಳೇ ಅವನನ್ನು ತಡೆದಳು.

"ನನ್ನನ್ನ ಅಷ್ಟು ಅಗ್ಗ ಅಂದ್ಕೊಂಡ್ರಾ?"

"ಮೊದಲನೇ ಸಲ ಹೌದು. ಎರಡನೇ ಸಲ ಖಾತ್ರಿ ಮಾಡ್ಕೊಂಡೆ."

"ಮೂರನೇದು?"

ಅವನು ನೆಲ ನೋಡಿದ. "ನಿಮ್ಮ ಕೋಣೆಗೆ ಬರೋಕೆ ಬೇರೆ ನೆಪ ಇರ್ಲಿಲ್ಲ."

"ನಿಮ್ಮ ನೆಪಕ್ಕೆ ನನ್ನ ಅನ್ನ ಹೋಗ್ತಿತ್ತು."

"ಕೆಲಸದಿಂದ ತೆಗೀತಾರೆ ಅಂತ ಗೊತ್ತಿರ್ಲಿಲ್ಲ. ತಪ್ಪು ನಂದೇ." "ನೀವಂದ್ರೆ ನಂಗಿಷ್ಟ. ಇದನ್ನ ಮೊದಲೇ ಹೇಳ್ಬೇಕಿತ್ತು."

ಅವಳ ಕಣ್ಣು ತುಂಬಿ ಬಂತು. ಸಿಟ್ಟು ಇನ್ನೂ ಇತ್ತು.

"ನಂಗೂ ಇಷ್ಟಾನೇ. ಆದ್ರೆ ನಂಬೋಕೆ ಟೈಮ್ ಬೇಕು. ಎಷ್ಟು ದಿನ ಅಂತ ಕೇಳ್ಬೇಡಿ."

"ಕೇಳಲ್ಲ. ಬಸ್ ಸ್ಟಾಪ್ ತನಕ ಜೊತೇಲಿ ಬರ್ಲಾ?"

"ಬನ್ನಿ."

ಆ ಮೂರನೆಯ ತುಂಡು ನಿಜವಾಗಿ ನೆಪವೋ, ಅವನಲ್ಲಿ ಇನ್ನೂ ಉಳಿದಿದ್ದ ಅನುಮಾನವೋ, ನನಗೆ ತಿಳಿಯದು. ಅವಳೂ ಇದುವರೆಗೆ ಮತ್ತೆ ಕೇಳಿಲ್ಲ.