ಬಾಯಿ ತೆರೆದ ಕ್ಯಾಮೆರಾ

"ಕಳ್ಳ ಮಹಡಿ ಮೇಲೆ ಹಾಯಾಗಿ ಕೂತಿದಾನೆ, ನೀವಿಲ್ಲಿ ದಿಂಬು ಕೊಡವ್ತಾ ಇದೀರಲ್ಲ!" ಎಂದು ಭಾವ ಸೋಫಾದಲ್ಲಿ ಒರಗಿಕೊಂಡೇ ತೀರ್ಪು ಕೊಟ್ಟ.

ದಿಂಬು ಕೊಡವುತ್ತಿದ್ದವರು ಮಾವ. ಕೊಡವಿಸುತ್ತಿದ್ದವರು ಅವರ ಹೆಂಡತಿ. ಉಂಗುರದಿಂದ ಹಿಡಿದು ಕಚೇರಿಯ ಮೊಹರಿನವರೆಗೆ, ಎಲ್ಲಿ ಏನೇ ಮಾಯವಾದರೂ ಜನ ಈ ಅತ್ತೆಯ ಹತ್ತಿರವೇ ಓಡಿಬರುತ್ತಿದ್ದರು. ಅತ್ತೆಯ ಜೊತೆ ಕುರ್ಚಿ ಸರಿಸಲು, ಮಂಚದಡಿ ಬಗ್ಗಲು, ಬಾಯಿ ಮುಚ್ಚಿಕೊಂಡಿರಲು ಮಾವ ಸದಾ ಸಿದ್ಧರಿದ್ದರು.

ಈ ಸಲ ಮಾಯವಾದದ್ದು ಅತ್ತೆಯ ತಮ್ಮನ ಕಿರಿಮಗಳ ಲೆನ್ಸು. ಹುಡುಗಿ ಮೊನ್ನೆಯಷ್ಟೇ ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡಿದ್ದಳು, ಜೊತೆಗೆ ಒಂದೇ ಒಂದು ಗಿಡ್ಡ ಲೆನ್ಸು. ಬೆಳಗಾದರೆ ಬೇಕರಿಯವರ ಕೇಕುಗಳ ಫೋಟೊ ತೆಗೆಯಬೇಕು. ಅದು ಅವಳ ಮೊದಲ ಕೆಲಸ. ತಪ್ಪಿದರೆ ಬೇರೆಯವರನ್ನು ಕರೆಯುತ್ತೇವೆಂದು ಬೇಕರಿಯವರು ಮೊದಲೇ ಹೇಳಿದ್ದರು. ಈಗ ನೋಡಿದರೆ ಅವಳ ಕೋಣೆಯ ಮೇಜಿನ ಮೇಲೆ ಕ್ಯಾಮೆರಾ, ಲೆನ್ಸ್ ಕೂರುವ ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರ ಬಾಯಿಗೆ ಹಾಕುವ ಮುಚ್ಚಳ ಪಕ್ಕದಲ್ಲೇ ಇತ್ತು.

"ನಂದೇ ಕಂಪನೀದು ತಗೋ, ಉದ್ದ ಜೂಮ್ ತಗೋ ಅಂತ ಬಡ್ಕೊಂಡೆ," ಎಂದ ಭಾವ. "ಮಹಡಿ ಮೇಲಿನ ಸ್ಟುಡಿಯೋದವನ ಮಾತು ಕೇಳಿ ಬಾಟ್ಲಿ ಮುಚ್ಚಳದಂಥದ್ದು ತಗೊಂಡ್ಳು. ಈಗ ಅವನೇ ಹೊಡ್ಕೊಂಡ."

ಭಾವನೆಂದರೆ ಹುಡುಗಿಯ ಅಕ್ಕನ ಗಂಡ. ಹಾಲು ತರಲು ಹೊರಟರೂ ಕೊರಳಲ್ಲಿ ದೊಡ್ಡ ಕ್ಯಾಮೆರಾ ನೇತಾಡಬೇಕು. ಬೆಳಿಗ್ಗೆ ಹಗ್ಗದ ಮೇಲಿನ ಒದ್ದೆ ಲುಂಗಿಯ ಫೋಟೊವನ್ನೂ ಬಿಟ್ಟಿರಲಿಲ್ಲ. ಈಗ ಅದು ತೊಡೆಯ ಮೇಲಿನ ಚೀಲದಲ್ಲಿತ್ತು.

"ರೀ, ಮಧ್ಯಾಹ್ನ ಅಳಿಯಂದ್ರ ಮಗು ಹುಟ್ಟುಹಬ್ಬದ ಕೇಕ್ ಕತ್ತರಿಸಿದ ಫೋಟೊ ಎಲ್ಲಿ?" ಎಂದು ಅತ್ತೆ ಮಾವನನ್ನು ಕೇಳಿದರು.

"ನನ್ನ ಫೋನಿಗೆ ಅಳಿಯ ಆಗಲೇ ಕಳಿಸಿದ್ನಲ್ಲ. ಕೇಕ್ ಇನ್ನೂ ಬಾಯಲ್ಲೇ ಇತ್ತು, ಫೋನಲ್ಲಿ ತೆಗೆದು ಟಣ್ ಅಂತ ಕಳಿಸ್ದ."

ಅತ್ತೆ ಎಲ್ಲರನ್ನೂ ಹಾಲಿಗೆ ಕರೆದರು. ಸ್ಟುಡಿಯೋದವನೂ ಇಳಿದುಬಂದು ಬಾಗಿಲ ಬಳಿ ಮುಖ ಸಣ್ಣ ಮಾಡಿಕೊಂಡು ನಿಂತ.

"ಮಾರೋ ಕಳ್ಳನಾಗಿದ್ರೆ ಕ್ಯಾಮೆರಾನೂ ಒಯ್ತಿದ್ದ. ಲೆನ್ಸ್ ಒಂದೇ ಬೇಕಾದ್ದು ಕ್ಯಾಮೆರಾ ಇಟ್ಕೊಂಡವನಿಗೆ," ಎಂದರು ಅತ್ತೆ.

"ನಾನ್ ಹೇಳಿದ್ದೂ ಅದೇ!" ಭಾವ ಸ್ಟುಡಿಯೋದವನತ್ತ ಬೆರಳು ತೋರಿಸಿದ.

"ಇವನದು ದಿನಾ ಲೆನ್ಸ್ ಬದಲಿಸೋ ಕೈ ಅಳಿಯಂದ್ರೇ. ಕ್ಯಾಮೆರಾ ಬಾಯಿಗೆ ಧೂಳು ಹೋಗೋ ಹಾಗೆ ಬಿಟ್ಟುಹೋಗಲ್ಲ. ಮುಚ್ಚಳ ಪಕ್ಕದಲ್ಲಿದ್ರೂ ಮುಚ್ಚಬೇಕು ಅಂತ ಹೊಳೀದ ಪಂಡಿತನ ಕೆಲಸ ಇದು. ಅದಿರ್ಲಿ, ಒದ್ದೆ ಲುಂಗಿಗೆ ದೊಡ್ಡ ಕ್ಯಾಮೆರಾ, ಹೆತ್ತ ಮಗಳ ಕೇಕಿಗೆ ಫೋನಾ?"

"ಬ್ಯಾಟರಿ ಖಾಲಿಯಾಗಿತ್ತು."

"ಎರಡು ಬ್ಯಾಟರಿ ನಾನೇ ಚಾರ್ಜ್ ಮಾಡಿ ಚೀಲಕ್ಕೆ ಹಾಕಿದ್ನಲ್ರೀ!" ಎಂದಳು ಅವನ ಹೆಂಡತಿ.

ಮಾವ ಚೀಲದ ಜಿಪ್ ಎಳೆದರು. ದೊಡ್ಡ ಕ್ಯಾಮೆರಾದ ಮೂತಿಗೆ ಹುಡುಗಿಯ ಗಿಡ್ಡ ಲೆನ್ಸು ಸೊಟ್ಟಗೆ ಸಿಕ್ಕಿಕೊಂಡಿತ್ತು.

"ಬೆಳಿಗ್ಗೆ ನಿಮ್ಮ ನಾದಿನಿ ತೆಗೆದ ಮಗುವಿನ ಫೋಟೊನ ಎಲ್ರೂ ಹೊಗಳಿದ್ರಲ್ಲ, ನಿಮಗೆ ಹೊಟ್ಟೆ ಉರೀತು," ಎಂದರು ಅತ್ತೆ. "ನನ್ನ ಕ್ಯಾಮೆರಾದಲ್ಲೂ ಅಂಥದ್ದು ಬರುತ್ತಾ ನೋಡೋಣ ಅಂತ ಹಾಕಿದ್ರಿ. ಒಂದು ಕಂಪನಿ ಲೆನ್ಸು ಇನ್ನೊಂದಕ್ಕೆ ಕೂರಲ್ಲ ಅಂತ ಕೊಳ್ಳೋ ದಿನವೇ ಅಂಗಡಿಯವನು ಹೇಳಿರ್ತಾನೆ. ನಿಮಗೆ ಕೇಳಿಸ್ಕೊಳ್ಳೋ ಅಭ್ಯಾಸ ಎಲ್ಲಿದೆ? ಬಾಟ್ಲಿ ಮುಚ್ಚಳ ಅಂದ್ರಿ, ಹಾಗೇ ತಿರುಗಿಸಿ ಕೂರಿಸಿದ್ರಿ. ಬಿಚ್ಚೋಕೆ ಬರದಿದ್ದಾಗ ಕೇಕಿಗೆ ಫೋನು, ಈ ಬಡಪಾಯಿಗೆ ಕಳ್ಳನ ಪಟ್ಟ."

"ಸ್ವಲ್ಪ ಒತ್ತಿದೆ ಅಷ್ಟೇ ಅತ್ತೆ..."

"ಅಷ್ಟಕ್ಕೇ ನಿಮ್ಮ ಬುದ್ಧಿಯೆಲ್ಲ ಖರ್ಚಾಯ್ತು. ಈಗ ಅವನ ಹತ್ರ ಕ್ಷಮೆ ಕೇಳಿ. ಅದನ್ನೂ ಒತ್ತಿ ಒತ್ತಿ ಕೇಳ್ಬೇಡಿ."

ಭಾವ ಕಾರ್ಪೆಟ್ಟಿಗೆ ಕೇಳುವಷ್ಟು ಮೆಲ್ಲಗೆ ಏನೋ ಗೊಣಗಿದ. ಸ್ಟುಡಿಯೋದವನು ಕೂತು ಲೆನ್ಸನ್ನು ಅಲ್ಲಾಡಿಸಿ, ನಿಧಾನ ತಿರುಗಿಸಿ ಬಿಡಿಸಿದ. ಭಾವನ ಕ್ಯಾಮೆರಾದಿಂದ ಪುಟ್ಟ ತಿರುಪೊಂದು ಹಾರಿ ಸೋಫಾದಡಿ ಉರುಳಿತು. ಅದನ್ನು ಹುಡುಕಲು ಭಾವ ಅಂಬೆಗಾಲಿಟ್ಟ. ಹುಡುಗಿ ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ಕೂರಿಸಿ, ಸರಿಯಿದೆಯೋ ಇಲ್ಲವೋ ನೋಡಲು, ಎದುರಿಗೆ ಕಂಡದ್ದನ್ನೇ ಕ್ಲಿಕ್ಕಿಸಿದಳು.