ಹಿಂದಿನ ಟ್ಯಾಂಕ್

2024ರ ಜುಲೈ 18, ಗುರುವಾರ. ಬೆಳಿಗ್ಗೆ 11.20ಕ್ಕೆ ಬೆಳ್ಳಪ್ಪ ಸಾಗರದ ಠಾಣೆಗೆ ಬಂದ. ಅವನ ಹೆಂಡತಿ ಸರೋಜಳ ಶವ ಆಸ್ಪತ್ರೆಯ ಶವಾಗಾರದಲ್ಲಿತ್ತು. ಪಿಎಸ್‌ಐ ಮೇಘನಾ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ನನ್ ಹೆಂಡ್ತೀನ ಕೊಂದಿದ್ದು ಹಾವಲ್ಲ ಮೇಡಂ. ರವೀಶ."

ಅವರ ಊರು ಹೊನ್ನೆಮರಡಿನ ಕಡೆ. ಅವತ್ತು ಬೆಳಿಗ್ಗೆ 6.25ಕ್ಕೆ ದನಕ್ಕೆ ಹುಲ್ಲು ಕೊಯ್ಯುವಾಗ ಸರೋಜಳಿಗೆ ಹಾವು ಕಚ್ಚಿತ್ತು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಪಕ್ಕದ ಮನೆಯ ರವೀಶ ತನ್ನ ಹಳೆಯ ಪಿಕಪ್‌ನಲ್ಲಿ ಕರೆದುಕೊಂಡು ಹೊರಟ. 7.10ಕ್ಕೆ ಕಾಡಿನ ತಿರುವಿನಲ್ಲಿ ಗಾಡಿ ನಿಂತಿತು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಒಂದು ಬಸ್ಸು ಬಂತು. ಆಸ್ಪತ್ರೆ ಸೇರುವಷ್ಟರಲ್ಲಿ ಸರೋಜಳ ಉಸಿರು ನಿಂತಿತ್ತು.

"ರವೀಶನಿಗೂ ನಿಮಗೂ ಜಗಳ ಇತ್ತಾ?"

"ಬೇಲಿ ವಿಷಯಕ್ಕೆ ಎರಡು ವರ್ಷ ಮಾತಿಲ್ಲ. ಆದ್ರೂ ಕರೆದ ಕೂಡ್ಲೆ ಬಂದ. ಈಗ ಅದೇ ನಂಗೆ ಅನುಮಾನ."

ನಿರ್ಲಕ್ಷ್ಯದಿಂದ ಸಾವು, ಭಾರತೀಯ ನ್ಯಾಯ ಸಂಹಿತೆಯ ಕಲಂ 106ರ ಅಡಿ ಎಫ್‌ಐಆರ್ ದಾಖಲಾಯಿತು. ರವೀಶ ಓಡಿಹೋಗಿರಲಿಲ್ಲ. ಆಸ್ಪತ್ರೆಯ ಜಗಲಿಯಲ್ಲೇ ಕೂತಿದ್ದವನನ್ನು ಕಾನ್‌ಸ್ಟೇಬಲ್ ಪೂರ್ಣೇಶ್ ಕರೆತಂದ.

"ಗಾಡಿ ಯಾಕೆ ನಿಂತಿತು?"

"ಅದಕ್ಕೆ ಎರಡು ಟ್ಯಾಂಕು ಮೇಡಂ. ಹಿಂದಿಂದು ಅಪ್ಪ ಕೂರಿಸಿದ್ದು. ಮುಂದಿಂದು ಮುಗೀತು. ಸೀಟಿನ ಕೆಳಗಿನ ನಲ್ಲೀನ ಹಿಂದಿನ ಟ್ಯಾಂಕಿಗೆ ತಿರುಗಿಸ್ದೆ. ಡೀಸೆಲ್ ಬರ್ಲೇ ಇಲ್ಲ."

"ಅದಕ್ಕೆ ಡೀಸೆಲ್ ಹಾಕಿಸಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ. ನಲವತ್ತು ಲೀಟರ್."

ಪೂರ್ಣೇಶ್ ಬಂಕಿಗೆ ಹೋಗಿ ಕ್ಯಾಮೆರಾ ನೋಡಿ ಬಂದ. ರವೀಶ ಹೇಳಿದ್ದು ನಿಜವಾಗಿತ್ತು. ಮೇಘನಾಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ನಲವತ್ತು ಲೀಟರ್ ಡೀಸೆಲ್ ರಾತ್ರಿ ಕಳೆಯುವಷ್ಟರಲ್ಲಿ ಆವಿಯಾಗುವುದಿಲ್ಲ.

ಮಧ್ಯಾಹ್ನ 1.15ಕ್ಕೆ ಗಾಡಿ ನಿಂತಿದ್ದ ತಿರುವಿನಲ್ಲಿ ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಆ ಪಿಕಪ್ಪನ್ನು ಇಪ್ಪತ್ತು ವರ್ಷದಿಂದ ಬಲ್ಲ ಮೆಕ್ಯಾನಿಕ್ ಹೂವಯ್ಯನನ್ನೂ ಕರೆಸಿದ್ದರು. ಅವನು ಗಾಡಿಯ ಅಡಿಗೆ ನುಗ್ಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

"ಹಿಂದಿನ ಟ್ಯಾಂಕಿನ ಅಡಿ ಬೋಲ್ಟ್ ಬಿಚ್ಚಿ ಡೀಸೆಲ್ ಇಳಿಸಿದಾರೆ," ಎಂದ ಕೊನೆಗೆ. "ಆಮೇಲೆ ದಾರ ಸುತ್ತಿ, ಸೋಪು ಮೆತ್ತಿ, ಸರಿಯಾಗಿ ಬಿಗಿದಿದಾರೆ. ಸೋಪು ಇನ್ನೂ ಹಸಿ ಐತೆ."

"ಕಳ್ಳರಾ?"

"ಕಳ್ಳ ಪೈಪ್ ಹಾಕಿ ಎಳ್ಕಂಡು ಹೋಗ್ತಾನೆ. ಇದು ಗಾಡಿ ತನ್ನದು ಅಂತ ನೋಡ್ಕಳೋರ ಕೆಲಸ. ರವೀಶನ ಅಪ್ಪ ಹಿಂಗೇ ಮಾಡ್ತಿದ್ದ. ಅವ ಹೋಗಿ ಆರು ವರ್ಷ ಆಯ್ತು."

"ಆಗ ಅವರ ಜೊತೆ ಗಾಡಿಯಲ್ಲಿ ಯಾರಿರುತ್ತಿದ್ದರು?"

ಹೂವಯ್ಯ ಕೈ ಒರೆಸಿಕೊಂಡ. ಹೇಳಲು ಮನಸ್ಸಿಲ್ಲದವನ ಹಾಗೆ ರಸ್ತೆಯ ಕಡೆ ನೋಡಿದ. "ಹೂವಮ್ಮ. ರವೀಶನ ತಾಯಿ. ಗಂಡನ ಪಕ್ಕ ಕೂತು ಸಂತೆ ಸಂತೆ ತಿರುಗಿದೋಳು."

3.40ಕ್ಕೆ ಅವರ ಮನೆ ತಲುಪಿದಾಗ ಹೂವಮ್ಮ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತಿದ್ದಳು. ಅರವತ್ತೆರಡರ ಗಟ್ಟಿ ಹೆಂಗಸು. ಪೊಲೀಸರನ್ನು ಕಂಡು ಏಳಲಿಲ್ಲ.

"ಡೀಸೆಲ್ ಎಲ್ಲಿದೆ ಅಮ್ಮಾ?"

ಯಾವ ಡೀಸೆಲ್ ಎಂದು ಅವಳು ಕೇಳಲಿಲ್ಲ. "ಹುಲ್ಲಿನ ಹಿಂದೆ. ಎರಡು ಕ್ಯಾನು."

"ಯಾವಾಗ ಇಳಿಸಿದ್ರಿ?"

"ನಿನ್ನೆ ಸಂಜೆ. ಅವ ಬೈಕಲ್ಲಿ ಶುಂಠಿ ಲೋಡಿನ ಮಾತಿಗೆ ಹೋಗಿದ್ದ."

"ಯಾಕೆ?"

"ಇವತ್ತು ಶುಂಠಿ ಹೇರ್ಕಂಡು ಆಗುಂಬೆ ಘಾಟಿ ಇಳಿಯೋನಿದ್ದ. ಹೋದ ತಿಂಗಳು ಅಲ್ಲಿ ಎರಡು ಸಲ ಬ್ರೇಕ್ ಹಿಡೀಲಿಲ್ಲ. ಅವನೇ ಹೇಳ್ಕಂಡು ನಕ್ಕ. ಬೇಡ ಮಗಾ ಅಂದೆ. ಕೇಳ್ಲಿಲ್ಲ. ಡೀಸೆಲ್ ಖಾಲಿಯಾಗಿ ಪೈಪಿಗೆ ಗಾಳಿ ಎಳೆದ್ರೆ ಗಾಡಿ ಒಂದು ದಿನ ಏಳಲ್ಲ. ಅಷ್ಟೊತ್ತಿಗೆ ಲೋಡು ಬೇರೆಯವ್ರು ತಗಂಡು ಹೋಗ್ತಾರೆ ಅಂದ್ಕಂಡೆ."

"ಬೆಳಿಗ್ಗೆ ಗಾಡಿ ಹೊರಡುವಾಗ ನೀವೆಲ್ಲಿದ್ರಿ?"

ಹೂವಮ್ಮ ತನ್ನ ಅಂಗೈ ನೋಡಿಕೊಂಡಳು. "ಸರೋಜನ ಕಾಲು ಹಿಡಿದು ಹತ್ತಿಸಿದ್ದು ನಾನೇ."

ಬರೆದುಕೊಳ್ಳುತ್ತಿದ್ದ ಪೂರ್ಣೇಶನ ಪೆನ್ನು ನಿಂತಿತು.

"ಆಗಲೂ ಹೇಳಲಿಲ್ಲವಾ?"

"ಮುಂದಿನ ಟ್ಯಾಂಕಿಗೆ ಕೋಲು ಬಿಟ್ಟು ನೋಡಿದ್ದೆ. ನಾಲ್ಕು ಬೆರಳು ಇತ್ತು. ಸಾಗರ ಮುಟ್ಟಿ ಆಮೇಲೆ ನಿಲ್ಲುತ್ತೆ ಅನ್ನೋ ಲೆಕ್ಕ. ಹೇಳಿದ್ರೆ ಕ್ಯಾನ್ ತಂದು ಸುರಿಯೋಕೆ ಐದು ನಿಮಿಷ ಸಾಕಿತ್ತು. ಅಷ್ಟು ಜನರ ಎದ್ರು, ಮಗನ ಎದ್ರು... ಬಾಯೇ ಬರ್ಲಿಲ್ಲ."

ಮೇಘನಾ ಅಂಗಳಕ್ಕೆ ಬಂದು ಗಾಡಿ ನಿಲ್ಲುವ ಜಾಗ ನೋಡಿದಳು. ನೆಲ ಇಳಿಜಾರಾಗಿತ್ತು. ಡೀಸೆಲ್ ಒಂದೇ ಬದಿಗೆ ಸರಿದು ಕೋಲಿಗೆ ನಾಲ್ಕು ಬೆರಳು ಹತ್ತಿತ್ತು, ಅಷ್ಟೆ. ನಿಜಕ್ಕೂ ಅದರ ಅರ್ಧವೂ ಇರಲಿಲ್ಲ. ಇದನ್ನು ಆ ತಾಯಿಗೆ ಈಗಲೇ ಹೇಳಬೇಕೇ ಎಂದು ಯೋಚಿಸಿ, ಹೇಳದೆ ಮಹಜರಿನಲ್ಲಿ ಬರೆಸಿದಳು.

ಎರಡು ಕ್ಯಾನುಗಳನ್ನೂ, ಬೋಲ್ಟ್ ಬಿಚ್ಚಿದ ಸ್ಪ್ಯಾನರನ್ನೂ ವಶಪಡಿಸಿಕೊಂಡರು. ಸೂರ್ಯಾಸ್ತಕ್ಕೆ ಮುಂಚೆ, 5.10ಕ್ಕೆ, ಠಾಣೆಯಲ್ಲಿ ಹೂವಮ್ಮನ ಬಂಧನವಾಯಿತು. ಬಂಧನದ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಅವಳು ಮಗನ ಹೆಸರು ಹೇಳಿದಳು. ರವೀಶ ಬೆಳಿಗ್ಗೆಯಿಂದ ಠಾಣೆಯಲ್ಲೇ ಇದ್ದ. ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದ. ತಾಯಿಯ ಮುಖ ನೋಡಲಿಲ್ಲ.

ಹೂವಮ್ಮನಿಗೆ ಜಾಮೀನು ಸಿಕ್ಕಿತು. ಸಾರಿಗೆ ಇಲಾಖೆಯ ವಾಹನ ತಪಾಸಣಾ ವರದಿ ಬಂದದ್ದು ಎಂಟು ದಿನಗಳ ಮೇಲೆ. ಹಿಂದಿನ ಚಕ್ರಗಳ ಬ್ರೇಕ್ ಪೂರ್ತಿ ಸವೆದಿದೆ, ಲೋಡಿನೊಂದಿಗೆ ಘಾಟಿ ಇಳಿಯಲು ಈ ವಾಹನ ಯೋಗ್ಯವಲ್ಲ ಎಂದಿತ್ತು. ಅವತ್ತೇ ಹೂವಮ್ಮ ಜಾಮೀನಿನ ಷರತ್ತಿನಂತೆ ಸಹಿ ಹಾಕಲು ಠಾಣೆಗೆ ಬಂದಿದ್ದಳು. ಮೇಘನಾ ಆ ಸಾಲನ್ನು ಅವಳಿಗೆ ಓದಿ ಹೇಳಿದಳು. ಅದರಿಂದ ಏನಾದರೂ ಹಗುರವಾದೀತು ಎಂದುಕೊಂಡಿದ್ದಳು.

ಹೂವಮ್ಮ ಸಹಿ ಹಾಕಿ ಪೆನ್ನು ಮೇಜಿನ ಮೇಲಿಟ್ಟಳು.

"ಇದ್ನ ಬೆಳ್ಳಪ್ಪಂಗೆ ಹೇಳ್ಬೇಡಿ ಮೇಡಂ," ಎಂದಳು. "ನಾ ಮಾಡಿದ್ದು ಸರಿ ಅಂದಂಗೆ ಆಗ್ತದೆ."