ಏಳನೇ ಮನೆಯ ಸರದಿ

"ಆ ಹಲಗೆ ಮುಟ್ಟಬೇಡಿ!"

ಪುರ್ವಂತಿ ಅಡುಗೆಮನೆಯಿಂದ ಓಡಿಬಂದಳು. ಅಂಗೈ ತುಂಬ ಬೆಂದ ಸೋಯಾಕಾಳಿನ ಸಿಪ್ಪೆ. ಕಾಳು ಹುದುಗಿಸಿ ಟೆಂಪೆ ಬಿಲ್ಲೆ ಮಾಡಲು ನಸುಕಿಗೇ ಎದ್ದವಳ ಕಣ್ಣು ಕೆಂಪಾಗಿದ್ದವು.

ಜಗಲಿಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದವನು ಹಂದೋಕೊ, ಊರ ಕಂಪನಿಯ ಮ್ಯಾನೇಜರ್. ಕೈಯಲ್ಲಿ ಸ್ಕ್ರೂಡ್ರೈವರ್! 'ಹೋಮ್‌ಸ್ಟೇ, ಏಳನೇ ಮನೆ' ಎಂಬ ಹಲಗೆಯ ಒಂದು ಸ್ಕ್ರೂ ಆಗಲೇ ಕಳಚಿತ್ತು.

"ನಿಯಮ ನಿಮಗೇ ಗೊತ್ತಲ್ಲ," ಎಂದ ಅವನು, ಅವಳ ಮುಖ ನೋಡದೆ. "ಮೂರು ಸರದಿ ಬಿಟ್ಟ ಮನೆಯ ಹಲಗೆ ಇಳಿಸಬೇಕು. ಬೇರೆ ಯಾರೋ ಬಂದು ಕೀಳೋದಕ್ಕಿಂತ ನಾನೇ..."

"ನೀವೇ ಕಿತ್ತರೆ ನೋವಾಗಲ್ಲ ಅಂದ್ಕೊಂಡ್ರಾ, ಮಾಸ್?"

ವಯಸ್ಸಲ್ಲಿ ಹಿರಿಯನೆಂದು ಅವನನ್ನು ಹಾಗೆ ಕರೆಯುತ್ತಿದ್ದಳು. ಇವತ್ತು ಆ ಮರ್ಯಾದೆಯ ಮಾತೂ ಚುಚ್ಚುವಂತೆ ಬಂತು.

ನಾಲ್ಕು ವರ್ಷದ ಹಿಂದೆ ಕಲ್ಲುಗಣಿ ಮುಚ್ಚಿದಾಗ, ಜಾವಾದ ಆ ಗುಡ್ಡದೂರಿನವರೆಲ್ಲ ಸೇರಿ ಚಿಲುಮೆಕೊಳದಲ್ಲಿ ತುಂಬಿದ್ದ ಹೂಳನ್ನು ಬರಿಗೈಯಲ್ಲಿ ಎತ್ತಿದ್ದರು. ಊರಿನದೇ ಕಂಪನಿ, ಊರಿನದೇ ಕೊಳ. ಅಲ್ಲಿ ಈಜಲು ಬರುವ ಪ್ರವಾಸಿಗರು ಒಂದನೇ ಮನೆಯಿಂದ ಹನ್ನೊಂದನೇ ಮನೆಯವರೆಗೆ ಸರದಿಯಂತೆ ಉಳಿಯಬೇಕು; ದೊಡ್ಡವರು, ಚಿಕ್ಕವರು ಅನ್ನೋ ಭೇದವಿಲ್ಲ. ಅಂದು ಕೆಸರಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುವಾಗ ಅವಳ ಪಕ್ಕದಲ್ಲೇ ನಿಂತಿದ್ದವನು ಹಂದೋಕೊ. ಅವಳ ಮನಸ್ಸು ಅವತ್ತೇ ಅವನತ್ತ ವಾಲಿತ್ತು.

'ಈಗ ಆ ಕೈಯೇ ನನ್ನನ್ನು ಸಾಲಿನಿಂದ ಕೀಳ್ತಿದೆ...'

"ನನ್ನ ಸರದಿ ನಾನು ಬಿಟ್ಟೆನಾ? ನೀವು ತಪ್ಪಿಸಿದ್ದು!"

"ನಾನಾ?" ಅವನು ಸ್ಟೂಲಿನಿಂದ ಇಳಿದೇಬಿಟ್ಟ. "ಪ್ರತಿ ಸಲವೂ ಮೆಸೇಜ್ ಹಾಕಿ ಕೇಳಿದೀನಿ. 'ನಿಮಗೆ ಕಷ್ಟವಾದರೆ ಅತಿಥಿಗಳನ್ನ ಮುಂದಿನ ಮನೆಗೆ ಕಳಿಸಲಾ' ಅಂತ. ಪ್ರತಿ ಸಲವೂ 'ನಿಮ್ಮಿಷ್ಟ ಮಾಸ್' ಅಂದ್ರಿ!"

"ಮತ್ತೇನು ಅನ್ನಲಿ? ಮ್ಯಾನೇಜರೇ ಹಾಗೆ ಕೇಳಿದರೆ, ಬೇರೆ ಮನೆಗೆ ಕೊಡೋ ಮನಸ್ಸಿದೆ ಅಂತಲೇ ಅರ್ಥ ಅಲ್ವಾ? ಬೇಕು ಬೇಕು ಅಂತ ಮೇಲೆ ಬಿದ್ದು ಕೇಳಬೇಕಿತ್ತಾ?"

"ಕೊಳದ ಹತ್ತಿರ ನಿಮ್ಮ ಅಂಗಡಿಯಲ್ಲಿ ನಿಂತಲ್ಲೇ ತೂಕಡಿಸ್ತಿದ್ರಿ, ಪುರ್ವಂತಿ. ನೋಡೋಕಾಗಲಿಲ್ಲ ನನಗೆ..."

ಅಷ್ಟರಲ್ಲಿ ಒಳಗಿಂದ ಅವಳ ಅಮ್ಮನ ದನಿ. ಲಕ್ವ ಹೊಡೆದು ಬಲಗೈ ಸೋತಿತ್ತು, ಗದರಿಕೆ ಮಾತ್ರ ಸೋತಿರಲಿಲ್ಲ.

"ಬಾಯಿ ಸೊಟ್ಟಗಾಗಿರೋದು ನನಗೆ! ಆದ್ರೂ ನಾನು ಮಾತಾಡ್ತೀನಿ. ನೆಟ್ಟಗಿರೋ ಬಾಯಿ ಇಟ್ಕೊಂಡು ನಿಮಗಿಬ್ಬರಿಗೂ ಏನು ಬಂದಿದೆ ರೋಗ?"

ಇಬ್ಬರೂ ತಲೆ ತಗ್ಗಿಸಿದರು. ಅಯ್ಯೋ, ಮರ್ಯಾದೆ ಅನ್ನೋದು ಒಮ್ಮೊಮ್ಮೆ ಎಂಥ ಕೆಲಸ ಮಾಡಿಬಿಡುತ್ತೆ!

"ನಿಯಮ ನಾನೊಬ್ಬನೇ ಮುರಿಯೋಕಾಗಲ್ಲ," ಎಂದ ಹಂದೋಕೊ ಮೆಲ್ಲಗೆ. "ಮಧ್ಯಾಹ್ನ ಸಭೆಯಿದೆ. ನೀವೇ ಬಂದು ಹೇಳಿ. ಅಲ್ಲೀತನಕ ಹಲಗೆ ಇಲ್ಲೇ ಇರಲಿ."

*

ಊರ ಚಾವಡಿಯಲ್ಲಿ ಗಂಡಸರು ಚಾಪೆಯ ಮೇಲೆ, ಹೆಂಗಸರು ಹಿಂದೆ, ಚಹಾದ ಹಂಡೆಯ ಹತ್ತಿರ. ಕೂತರೆ ಎಲ್ಲಿ ನಿದ್ದೆ ಬಂದುಬಿಡುತ್ತೋ ಎಂದು ಪುರ್ವಂತಿ ಕಂಬ ಹಿಡಿದು ನಿಂತಿದ್ದಳು.

ಊರ ಮುಖ್ಯಸ್ಥ ಮರ್ದಿಯವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಏಳನೇ ಮನೆಯನ್ನ ಸಾಲಿನಿಂದ ಕೈಬಿಡೋದು. ಎಲ್ಲರಿಗೂ ಒಪ್ಪಿಗೆ ತಾನೇ?"

ಆ ಚಾವಡಿಯಲ್ಲಿ ಈ ಪ್ರಶ್ನೆಗೆ ಇರೋದು ಒಂದೇ ಉತ್ತರ. ಎಲ್ಲರೂ "ಒಪ್ಪಿಗೆ" ಅನ್ನಬೇಕು, ಸಿಟ್ಟಿದ್ದರೆ ಮನೆಗೆ ಹೋಗಿ ಪಾತ್ರೆ ಕುಕ್ಕಬೇಕು.

"ನನಗೆ ಒಪ್ಪಿಗೆ ಇಲ್ಲ."

ತುಟಿಗೆ ಹೋಗುತ್ತಿದ್ದ ಲೋಟಗಳು ನಿಂತವು. ಒಂದು ಕೈಯಲ್ಲಿ ಕಂಬ ಹಿಡಿದೇ ಪುರ್ವಂತಿ ಒಂದು ಹೆಜ್ಜೆ ಮುಂದಿಟ್ಟಳು.

"ನಿಮ್ಮಿಷ್ಟ ಅಂತ ನಾನೇ ಬರೆದಿದ್ದು, ಸುಳ್ಳಲ್ಲ. ಆದ್ರೆ ನನ್ನ ಇಷ್ಟ ಬೇರೆ ಇತ್ತು. ಈ ಕೊಳದ ಕೆಸರು ನಾನೂ ಹೊತ್ತಿದೀನಿ. ನನಗೆ ನನ್ನ ಸರದಿ ಬೇಕು!"

"ಸುಸ್ತಾಗಿ ಬೀಳೋಳಿಗೆ ಅತಿಥಿಗಳ್ಯಾಕಮ್ಮ?" ಎಂದಳು ಎಂಟನೇ ಮನೆಯ ಜುಮಿಲಾ. ಮೂರು ಸಲವೂ ಅತಿಥಿಗಳು ಹೋಗಿದ್ದು ಅವಳ ಮನೆಗೇ.

"ಸುಸ್ತಾಗಿದೆ ಚಿಕ್ಕಮ್ಮ. ತುಂಬಾ ಸುಸ್ತಾಗಿದೆ. ನಿಮ್ಮನೇಲಿ ಮೂವರು ಸೊಸೆಯರು, ನಮ್ಮನೇಲಿ ನಾನೊಬ್ಬಳೇ. ಸುಸ್ತಾಯ್ತು ಅಂದ್ರೆ ಬೇಡ ಅಂತ ಅರ್ಥವಾ?"

ಕಣ್ಣೀರು ತಾನೇ ಇಳಿಯಿತು, ಒರೆಸಿಕೊಳ್ಳುವಷ್ಟೂ ತ್ರಾಣವಿರಲಿಲ್ಲ.

ಹಂದೋಕೊ ಎದ್ದು ನಿಂತ. "ಸರದಿ ಬಿಟ್ಟದ್ದು ಅವರಲ್ಲ, ಬಿಡಿಸಿದ್ದು ನಾನು. ಮನೆಗೆ ಹೋಗಿ ಮುಖ ನೋಡಿ ಕೇಳೋ ಧೈರ್ಯ ಇರಲಿಲ್ಲ ನನಗೆ, ಮೊಬೈಲಲ್ಲಿ ಕೇಳಿದೆ. ಹಲಗೆ ಇಳಿಸೋದೇ ಆದ್ರೆ ನನ್ನನ್ನೂ ಕೆಲಸದಿಂದ ಇಳಿಸಿ."

ಗುಸುಗುಸು ಎದ್ದಿತು. ಮರ್ದಿಯವರು ಗಡ್ಡ ಕೆರೆದುಕೊಂಡರು.

"ಇವತ್ತು ಬರೋ ಆರು ಜನ ಏಳನೇ ಮನೆಗೆ ಹೋಗಲಿ. ಇನ್ನು ಮುಂದೆ ಒಬ್ಬರೇ ದುಡಿಯೋ ಮನೆಯ ಸರದಿಗೆ ಪಕ್ಕದ ಮನೆಯವರು ಕೈ ಜೋಡಿಸಬೇಕು, ಬಂದದ್ದರಲ್ಲಿ ಪಾಲೂ ತಗೋಬೇಕು. ಜುಮಿಲಾ, ಏನಂತೀಯ?"

"ಅನ್ನೋದೇನಿದೆ... ಹಿರೀ ಸೊಸೇನ ಕಳಿಸ್ತೀನಿ ಬಿಡಿ," ಎಂದು ಜುಮಿಲಾ ಗೊಣಗಿದಳು. "ಚಟ್ನಿಗೆ ಖಾರ ಜಾಸ್ತಿ ಹಾಕ್ತಾಳೆ, ಆಮೇಲೆ ನನ್ನ ಬೈಬೇಡಿ!"

ಚಾವಡಿ ನಕ್ಕಿತು. ಪುರ್ವಂತಿ ಕಂಬಕ್ಕೊರಗಿ ಹಾಗೇ ಕುಸಿದು ಕೂತಳು.

*

ಸಂಜೆ ಅತಿಥಿಗಳು ಕೊಳಕ್ಕೆ ಈಜಲು ಹೋಗಿದ್ದರು. ಜುಮಿಲಾಳ ಸೊಸೆ ಹಿತ್ತಲಲ್ಲಿ ಬಾಳೆಎಲೆ ಕೊಯ್ಯುತ್ತಿದ್ದಳು. ಅಡುಗೆಮನೆಯಲ್ಲಿ ಮ್ಯಾನೇಜರ್ ಸಾಹೇಬರು ಅಂಗಿಯ ತೋಳು ಮಡಚಿ ಅಕ್ಕಿ ತೊಳೆಯುತ್ತಿದ್ದರು!

"ಮಾಸ್, ನಾಲ್ಕನೇ ಸಲ ತೊಳೀತಿದೀರಿ."

"ಒಂದು ಮಾತು ಕೇಳಬೇಕಿತ್ತು. ಅದಕ್ಕೇ..." ಅವನು ಪಾತ್ರೆ ಕೆಳಗಿಟ್ಟ. "ಹೋದ ವರ್ಷ ನಮ್ಮ ಸೋದರತ್ತೆ ನಿಮ್ಮನ್ನ ನನಗೆ ಕೇಳೋಕೆ ಬಂದಿದ್ರು. 'ಅಮ್ಮ ಹೀಗಿದ್ದಾರೆ, ಈಗ್ಯಾಕೆ' ಅಂದ್ರಂತೆ ನೀವು. ಬೇಡ ಅಂತ ತಿಳ್ಕೊಂಡೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಮೊದಲನೇ ಸಲಕ್ಕೇ ಹೂಂ ಅನ್ನೋ ಹುಡುಗಿ ನಮ್ಮೂರಲ್ಲಿ ಎಲ್ಲಿದ್ದಾಳೆ? ಇನ್ನೊಮ್ಮೆ ಬರ್ತಾರೆ ಅಂತ ಕಾದೆ. ಒಂದು ವರ್ಷ ಕಾದೆ, ಮಾಸ್... ಅಂಗಳದಲ್ಲಿ ಬೈಕ್ ಸದ್ದಾದ್ರೆ ಸಾಕು, ಓಡಿಬಂದು ನೋಡ್ತಿದ್ದೆ."

ಒಂದು ವರ್ಷ! ಇಬ್ಬರೂ ಒಂದೇ ಬೀದಿಯಲ್ಲಿ ಓಡಾಡಿಕೊಂಡು ಕಳೆದ ಒಂದು ವರ್ಷ.

"ಹಾಗಾದ್ರೆ ಈಗ ನಾನೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ವಿನಯದ ಮಾತುಗಳೆಲ್ಲ ರೂಢಿಯಂತೆ ನಾಲಿಗೆ ತುದಿಗೆ ಬಂದವು. ಪುರ್ವಂತಿ ಅವನ್ನು ನುಂಗಿಕೊಂಡಳು.

"ಆಗ್ತೀನಿ. ನನಗೆ ನೀವು ಬೇಕು."

"ಅಬ್ಬಾ, ಅಂತೂ ಬಾಯಿ ಬಿಟ್ಟಳು!" ಒಳಕೋಣೆಯಿಂದ ಅಮ್ಮ.

ಅವನ ಕಣ್ಣು ತುಂಬಿದ್ದವು. ಒದ್ದೆ ಕೈಯಲ್ಲೇ ಅವಳ ಕೈ ಹಿಡಿದ. "ಇನ್ನೇನು ಬೇಕು, ಹೇಳಿ."

"ಒಂದು ಗಂಟೆ ನಿದ್ದೆ... ಅಷ್ಟೇ."

ಅವನು ಮೂಲೆಯ ಚಾಪೆ ತಂದು ಹಾಸಿದ.

"ಮಲಗು ಪುರ್ವಾ," ಎಂದ. ಮೊದಲ ಬಾರಿ ಬಹುವಚನ ಬಿಟ್ಟಿದ್ದ. "ಅನ್ನ ನಾನು ನೋಡ್ಕೋತೀನಿ."